ಅಕ್ಕೋರ ರಾಶಿಗಳು

ಸಂಜೆಯ ಲೋಕಲ್‌ನಲ್ಲಿ ಮುಲುಂಡ್‌ಗೆ ಮರಳುತ್ತಿದ್ದೆ. ದಾದರ್‌ನಲ್ಲಿ ಹತ್ತಿದ ಹೆಂಗಸೊಬ್ಬಳು ಹೇಗೋ ನನ್ನೆದುರಿನ ಮೂವರ ಬೆಂಚಿನಲ್ಲಿ ನಾಲ್ಕನೆಯವಳಾಗಿ ಒತ್ತರಿಸಿಕೊಂಡು ಕುಳಿತು, ಮಡಿಲಲ್ಲಿ ಹಳೇ ಪೇಪರ್ ಹಾಸಿ ಮೆಂತ್ಯ ಸೊಪ್ಪು ಬಿಡಿಸತೊಡಗಿದಳು. ಲೇಡೀಸ್ ಡಬ್ಬಿಯಲ್ಲಿ ಇದೇನು ಹೊಸದಲ್ಲ. ದಾದರ್‌ನಲ್ಲಿ ಕೊಂಡ ಸೊಪ್ಪು ಮುಲುಂಡ್ ಬರುವಷ್ಟರಲ್ಲಿ ಒಗ್ಗರಣೆಗೆ ಸಿದ್ಧವಾಗಿರುತ್ತದೆ. ಆದರೆ ಅವತ್ತು ನಾನು ಕೋರ್ಟಿನಲ್ಲಿ ಸೋತು ಬರುತ್ತಿದ್ದೆ. ಕರಿ ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡು ಯಾರ ಮುಖವನ್ನೂ ನೋಡದೆ ಕುಳಿತಿದ್ದೆ. ಆ ಹಸಿ ಮೆಂತ್ಯದ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಗಾಡಿ ಸಯನ್ ಸ್ಟೇಷನ್ನಿಗೆ ಬಂತು. ಬಾಗಿಲಾಚೆ ಹಳೆಯ ಬಿಲ್ಡಿಂಗುಗಳ ಸಾಲು ಕಂಡಿತು. ಅಕ್ಕೋರು ನೆನಪಾದರು.

ಆಗ ನಾವಿದ್ದ ಸಯನ್‌ನ ಬಿಲ್ಡಿಂಗಿನಲ್ಲಿ ಅಕ್ಕೋರು ನಮ್ಮ ಎದುರು ಮನೆಯವರು. ನಮ್ಮದು ಉಡುಪಿ ಕಡೆಯ ಕುಟುಂಬ, ಅಪ್ಪ ಮಾಟುಂಗಾದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅವರು ಧಾರವಾಡ ಕಡೆಯವರು, ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಆ ಕಡೆ ಶಾಲೆಯ ಟೀಚರನ್ನು ಅಕ್ಕೋರು ಅನ್ನುತ್ತಾರಂತೆ. ಹಳೆಯ ವಿದ್ಯಾರ್ಥಿಗಳು ಬಂದು ಹಾಗೆ ಕರೆಯುವುದನ್ನು ಕೇಳಿ ಕೇಳಿ ಬಿಲ್ಡಿಂಗಿನ ಗುಜರಾತಿಗಳೂ ಮರಾಠಿಗರೂ ಅದೇ ಅವರ ಹೆಸರೆಂದು ತಿಳಿದು ‘ಅಕ್ಕೋರು ಜೀ’ ಎನ್ನುತ್ತಿದ್ದರು. ಅವರು ತಿದ್ದಲು ಹೋಗಲಿಲ್ಲ. ಕನ್ನಡ ಬಾರದವರ ಬಾಯಲ್ಲಿ ಒಂದಾದರೂ ಕನ್ನಡ ಮಾತು ಇರಲಿ ಎಂದು ನಗುತ್ತಿದ್ದರು.

ನನಗೆ ಲಾ ಓದಬೇಕಿತ್ತು. ಬಿ.ಕಾಂ. ಮುಗಿಸಿ ಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕುಳಿತು ಒಂದು ಸಲ ಮುಗ್ಗರಿಸಿದ್ದೆ. ನನ್ನ ತೊಂದರೆ ಗುಟ್ಟಿನದೇನಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಇಂಗ್ಲಿಷ್ ಅರ್ಥವಾಗುತ್ತಿತ್ತು, ಆದರೆ ಓದುವುದು ನಿಧಾನ. ಪರೀಕ್ಷೆಯಲ್ಲಿ ಒಂದೊಂದು ಪ್ರಶ್ನೆಯೂ ಒಂದು ಪ್ಯಾರಾ ಉದ್ದ. ನಾನು ಓದಿ ಮುಗಿಸುವಷ್ಟರಲ್ಲಿ ಕಂಪ್ಯೂಟರಿನ ಗಡಿಯಾರ ಓಡಿಬಿಟ್ಟಿರುತ್ತಿತ್ತು. ಕೋಚಿಂಗ್ ಕ್ಲಾಸಿನ ಸರ್ ಬಲು ನಯವಾಗಿ ಹೇಳಿದರು: ವರ್ನಾಕ್ಯುಲರ್ ಮೀಡಿಯಂ ಮಕ್ಕಳಿಗೆ ಇದು ಸ್ವಲ್ಪ ಕಷ್ಟ, ಬೇರೆ ಏನಾದರೂ ಯೋಚಿಸು ಎಂದು. ಆ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆರಲು ಬಿಟ್ಟಿಲ್ಲ, ಬೇಕೆಂದೇ ಇಟ್ಟುಕೊಂಡಿದ್ದೇನೆ.

ಇತ್ತ ದೊಡ್ಡಪ್ಪ ಸಾಂತಾಕ್ರೂಜ್‌ನಲ್ಲಿ ಎರಡನೇ ಹೋಟೆಲು ತೆರೆಯುವವರಿದ್ದರು. ಗಲ್ಲಾದಲ್ಲಿ ಕೂರಲು ಮನೆಯವರೇ ಬೇಕು, ಓದಿದ ಹುಡುಗಿ ಸುಮ್ಮನೆ ಇದ್ದಾಳಲ್ಲ ಎಂಬುದು ಅವರ ಲೆಕ್ಕ. ಅಪ್ಪ ನಡುವೆ ಸಿಕ್ಕಿಕೊಂಡರು. ಕಡೆಗೆ ಒಂದು ತೀರ್ಮಾನವಾಯಿತು. ಇನ್ನೊಂದೇ ಒಂದು ಸಲ ಪರೀಕ್ಷೆ. ಆಗದಿದ್ದರೆ ಬಾಯಿ ಮುಚ್ಚಿಕೊಂಡು ಗಲ್ಲಾ. ಗಲ್ಲಾದಲ್ಲಿ ಕೂರುವುದು ಕೀಳೆಂದು ನಾನು ಹೇಳುತ್ತಿಲ್ಲ, ಅಪ್ಪ ಜೀವನವಿಡೀ ಮಾಡಿದ್ದು ಅದನ್ನೇ. ಆದರೆ ನನ್ನ ಜಾಗವನ್ನು ಇನ್ನೊಬ್ಬರು ಕುರ್ಚಿ ಎಳೆದು ತೋರಿಸುವುದು ನನಗೆ ಆಗದು.

ಈ ಗಲಾಟೆಯೆಲ್ಲ ಪ್ಯಾಸೇಜಿನ ಆಚೆಗೂ ಕೇಳಿಸಿರಬೇಕು. ಮರುದಿನ ಬೆಳಿಗ್ಗೆ ಅಕ್ಕೋರು ಬಾಗಿಲಲ್ಲಿ ನಿಂತು, “ಹಳೇ ಪ್ರಶ್ನಿ ಪತ್ರಿಕಿ ಎಷ್ಟ ಅದಾವೋ ಅಷ್ಟೂ ತಗೊಂಡ ಬಾರವಾ” ಎಂದರು. ತೆಗೆದುಕೊಂಡು ಹೋದೆ. ಅವರು ನೆಲದ ಮೇಲೆ ಪೇಪರ್ ಹಾಸಿ ಮೆಂತ್ಯ ಬಿಡಿಸುತ್ತಿದ್ದರು. ನನ್ನ ಕೈಗೊಂದು ಕತ್ತರಿ ಕೊಟ್ಟು ಪ್ರಶ್ನೆಗಳನ್ನೆಲ್ಲ ಬಿಡಿಬಿಡಿಯಾಗಿ ಕತ್ತರಿಸು ಅಂದರು. ಜೆರಾಕ್ಸಿಗೆ ಸುರಿದ ದುಡ್ಡು ನೆನಪಾಯಿತು. ಆದರೂ ಕತ್ತರಿಸಿದೆ. ಚೀಟಿಗಳ ಗುಡ್ಡೆಯನ್ನು ನನ್ನ ಮುಂದೆ ತಳ್ಳಿದರು.

“ಉತ್ತರ ಹೇಳಬ್ಯಾಡ. ಯಾವ ರಾಶಿ, ಅಷ್ಟ ಹೇಳು.”

ಮೊದಲ ತಿಂಗಳಿಡೀ ಅವರು ನನಗೆ ಒಂದು ಉತ್ತರವನ್ನೂ ಹೇಳಲು ಬಿಡಲಿಲ್ಲ. ಚೀಟಿ ಎತ್ತಬೇಕು, ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದಬೇಕು, ಇದು ಯಾವ ಜಾತಿಯ ಪ್ರಶ್ನೆ ಎಂದು ಗುರುತಿಸಿ ಅದರ ರಾಶಿಗೆ ಹಾಕಬೇಕು. ಸೊಪ್ಪಿನ ಕಟ್ಟನ್ನು ಬುಡದಿಂದ ಹಿಡಿಯುವ ಹಾಗೆ ಪ್ರಶ್ನೆಯನ್ನೂ ಬುಡದಿಂದ ಹಿಡಿ ಎನ್ನುತ್ತಿದ್ದರು. ಏನು ಕೇಳುತ್ತಿದ್ದಾರೆಂದು ಮೊದಲೇ ಗೊತ್ತಿದ್ದವಳು ಇಡೀ ಪ್ಯಾರಾವನ್ನು ತಡವರಿಸಬೇಕಿಲ್ಲ, ಬೇಕಾದ್ದನ್ನು ಹುಡುಕಿ ಓದಿದರೆ ಸಾಕು. ನಿಧಾನ ಓದುವವಳಿಗೆ ಇದಕ್ಕಿಂತ ಬೇರೆ ದಾರಿಯೇ ಇರಲಿಲ್ಲ. “ಪ್ರಶ್ನಿ ತಗಿಯಾವನೂ ಮನಷ್ಯಾನ ಅಲ್ಲೇನು? ವರ್ಷಾ ವರ್ಷಾ ಹೊಸಾದು ಎಲ್ಲಿಂದ ತರತಾನ? ಹಳೇದಕ್ಕ ಅಂಗಿ ಬದಲಾಯಿಸಿ ಕಳಸ್ತಾನ. ನೀ ಅಂಗಿ ನೋಡಬ್ಯಾಡ, ಮಾರಿ ನೋಡು” ಎಂದರು.

ರಾಶಿಗಳಿಗೆ ಅವರಿಟ್ಟ ಹೆಸರುಗಳು ಯಾವ ಕೋಚಿಂಗ್ ಪುಸ್ತಕದಲ್ಲೂ ಸಿಗುವುದಿಲ್ಲ. ಒಂದು, ಸೆಕ್ರೆಟರಿ ರಾಶಿ. ನಮ್ಮ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ಗೇಟಿಗೆ ಕ್ಯಾಮೆರಾ ಹಾಕಿಸಿದ ಮೇಲೆ ಸೈಕಲ್ ಕಳವು ನಿಂತಿತೆಂದು ಕಂಡಕಂಡವರಿಗೆ ಹೇಳುತ್ತಿದ್ದರು. ಆ ಹೊತ್ತಿಗೆ ಬಿಲ್ಡಿಂಗಿನಲ್ಲಿ ಸೈಕಲ್ಲುಗಳೇ ಉಳಿದಿರಲಿಲ್ಲ ಎಂಬುದು ಬೇರೆ ಮಾತು. ಮೊದಲು ಇದಾಯಿತು, ಆಮೇಲೆ ಅದಾಯಿತು, ಆದ್ದರಿಂದ ಇದರಿಂದಲೇ ಅದು ಎನ್ನುವ ವಾದಗಳೆಲ್ಲ ಆ ರಾಶಿಗೆ. ಈ ವಾದವನ್ನು ದುರ್ಬಲಗೊಳಿಸುವ ಆಯ್ಕೆ ಯಾವುದು ಎಂದು ಕೇಳಿದರೆ ಸೈಕಲ್ಲುಗಳನ್ನು ಹುಡುಕು ಎನ್ನುತ್ತಿದ್ದರು.

ಇನ್ನೊಂದು, ಅತ್ತೆ ರಾಶಿ. ಅಕ್ಕೋರ ಅತ್ತೆ ಹಿಂದೆ ನೆಂಟರ ಮುಂದೆ, ‘ನಮ್ಮ ಸೊಸಿ ಓದಿದಾಕಿ, ಅಡಿಗಿ ಹೆಂಗ ಬರಬೇಕು’ ಅನ್ನುತ್ತಿದ್ದರಂತೆ. ಓದಿದವರಿಗೆ ಅಡಿಗೆ ಬರುವುದಿಲ್ಲ ಎಂಬ ನಡುವಿನ ಮಾತನ್ನು ಅವರು ಯಾವತ್ತೂ ಹೇಳಲಿಲ್ಲ, ಹೇಳಿದ್ದರೆ ಜಗಳವಾಡಬಹುದಿತ್ತು. ಹಾಗೆ ಹೇಳದೆ ನುಂಗಿದ ಮಾತನ್ನು ಹುಡುಕುವ ಪ್ರಶ್ನೆಗಳೆಲ್ಲ ಅತ್ತೆ ರಾಶಿಗೆ. ಅಕ್ಕೋರು ಹಿಂದೆ ಸಂಜೆ ಕಾಲೇಜಿನಲ್ಲಿ ಲಾ ಸೇರಿ ಅರ್ಧಕ್ಕೆ ಬಿಟ್ಟಿದ್ದರು. ಯಾಕೆಂದು ಒಮ್ಮೆ ಕೇಳಿದೆ. ಅತ್ತೆ ರಾಶಿಯ ಮೇಲೊಮ್ಮೆ ಕೈಯಿಟ್ಟು, ಮುಂದಿನ ಚೀಟಿ ನನ್ನ ಕೈಗೆ ಕೊಟ್ಟರು.

ಮೂರನೆಯದು ವಾಚ್‌ಮನ್ ರಾಶಿ. ಅಲ್ಲೇ ನಾನು ಸೋಲುತ್ತಿದ್ದದ್ದು. ಒಂದು ನಿಯಮ ಕೊಟ್ಟಿರುತ್ತಾರೆ, ಕೆಳಗೊಂದು ಘಟನೆ. ಆ ನಿಯಮವನ್ನು ಆ ಘಟನೆಗೆ ಹಚ್ಚಿ ತೀರ್ಪು ಹೇಳಬೇಕು, ಅಷ್ಟೇ. ‘ಅನುಮತಿಯಿಲ್ಲದೆ ಇನ್ನೊಬ್ಬರ ಜಾಗಕ್ಕೆ ಕಾಲಿಡುವವನು, ಕಾರಣ ಏನೇ ಇರಲಿ, ತಪ್ಪಿತಸ್ಥ’ ಎಂಬುದು ನಿಯಮ. ನಾಯಿ ಅಟ್ಟಿಸಿಕೊಂಡು ಬಂದಾಗ ಒಬ್ಬ ಪಕ್ಕದ ಕಾಂಪೌಂಡಿಗೆ ಜಿಗಿದ. ಅವನು ತಪ್ಪಿತಸ್ಥನೋ ಅಲ್ಲವೋ? ನಾನು ಪ್ರತಿ ಸಲ ಅವನನ್ನು ಬಿಟ್ಟುಬಿಡುತ್ತಿದ್ದೆ.

“ಪಾಪ ಅಲ್ವಾ ಅಕ್ಕೋರೇ? ನಾಯಿ ಬಂದ್ರೆ ಅವ ಎಂತ ಮಾಡುದು?”

“ನಿನ್ನ ಯಾರರೆ ಕೇಳಿದರೇನು, ಪಾಪ ಹೌದೋ ಅಲ್ಲೋ ಅಂತ? ನೀ ಗೇಟಿನ್ಯಾಗ ನಿಂತ ವಾಚ್‌ಮನ್. ಕೈಯಾಗಿನ ಚೀಟಿ ನೋಡು, ಬಂದಾವನ್ನ ನೋಡು. ಮುಗೀತು.”

ನನಗೆ ಅದು ಒಗ್ಗಲಿಲ್ಲ. ವಕೀಲಳಾಗಲು ಇಷ್ಟು ಕಲ್ಲೆದೆಯವಳಾಗಬೇಕೇ ಎಂದು ವಾದಿಸುತ್ತಿದ್ದೆ. ಎರಡು ರಾಶಿಗಳಲ್ಲಿ ಗೆದ್ದು ಮೂರನೆಯದರಲ್ಲಿ ಎಲ್ಲ ಕಳೆದುಕೊಳ್ಳುತ್ತಿದ್ದೆ. ಪರೀಕ್ಷೆ ಹತ್ತಿರ ಬರುತ್ತಿತ್ತು. ಸಾಂತಾಕ್ರೂಜ್‌ನ ಹೋಟೆಲಿಗೆ ಬಣ್ಣ ಹೊಡೆಯುವ ಕೆಲಸವೂ ಮುಗಿಯುತ್ತ ಬಂದಿತ್ತು.

ಒಂದು ಭಾನುವಾರ ದೊಡ್ಡಪ್ಪ ಮನೆಗೆ ಬಂದರು. ಅಪ್ಪನಿಗೆ ಕೇಳಿಸುವಂತೆ, ನನಗೆ ನಾಟುವಂತೆ ಹೇಳಿದರು: “ನಮ್ಮ ಕುಟುಂಬದಲ್ಲಿ ಈವರೆಗೆ ಯಾರು ಕೋರ್ಟು ಮೆಟ್ಟಿಲು ಹತ್ತಿದ್ದಾರೆ? ಇವಳಿಗೆ ಎಲ್ಲಿಂದ ಆಗ್ತದೆ ಮಾರಾಯ?”

ನನಗೆ ಅಳು ಬರಬೇಕಿತ್ತು, ನಗು ಬಂತು. ಯಾರೂ ಮಾಡದ್ದನ್ನು ಯಾರೂ ಮಾಡಲಾರರು ಎಂಬ ನುಂಗಿದ ಮಾತು ಅವರ ಗಂಟಲಲ್ಲೇ ಕಾಣುತ್ತಿತ್ತು. ‘ಅತ್ತೆ ರಾಶಿ’ ಎಂದು ಬಾಯಿತಪ್ಪಿ ಜೋರಾಗಿಯೇ ಹೇಳಿಬಿಟ್ಟೆ. ಆಮೇಲೆ, “ದೊಡ್ಡಪ್ಪ, ನಿಮಗಿಂತ ಮೊದಲು ನಮ್ಮಲ್ಲಿ ಯಾರು ಹೋಟೆಲು ಇಟ್ಟಿದ್ರು?” ಎಂದು ಕೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು. ಅಪ್ಪ ಕಿಟಕಿಯ ಕಡೆ ತಿರುಗಿದರು, ಹೆಗಲು ಸಣ್ಣಗೆ ಅಲುಗುತ್ತಿತ್ತು. ಆ ಮನುಷ್ಯ ನಗುತ್ತಿದ್ದರು!

ಅದೇ ದಿನಗಳಲ್ಲಿ ಸೊಸೈಟಿಯ ಮೀಟಿಂಗು ಬಂತು. ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಸೆಕ್ರೆಟರಿಗೆ ಅಕ್ಕೋರ ಮೇಲೆ ಮೊದಲಿನಿಂದಲೂ ಅಸಮಾಧಾನವಿತ್ತು. ಅವರ ಮನೆಗೆ ಸಂಜೆ ಸುತ್ತಲಿನ ಚಾಳ್‌ಗಳ ಒಂಟಿಕೋಣೆ ಮನೆಗಳ ಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದರು, ಪ್ಯಾಸೇಜಿನಲ್ಲಿ ಚಪ್ಪಲಿಗಳ ಸಂತೆ. ಸೆಕ್ರೆಟರಿ ನಿಯಮಾವಳಿ ತೆರೆದು ಓದಿದರು: ವಾಸದ ಮನೆಯನ್ನು ವ್ಯಾಪಾರಕ್ಕಾಗಿ ಬಳಸುವಂತಿಲ್ಲ. ಆದ್ದರಿಂದ ಟ್ಯೂಷನ್ ನಿಲ್ಲಬೇಕು, ಇಲ್ಲವಾದರೆ ದಂಡ. “ನಿಯಮ ಮ್ಹಣಜೆ ನಿಯಮ”, ನಿಯಮ ಅಂದರೆ ನಿಯಮ, ಎಂದು ಪುಸ್ತಕ ಮುಚ್ಚಿದರು.

ನಾನು ತಡೆಯಲಾರದೆ ಎದ್ದು ನಿಂತೆ. ವಯಸ್ಸಾದವರು, ಒಬ್ಬರೇ ಇದ್ದಾರೆ, ಮಕ್ಕಳೆಂದರೆ ಅವರಿಗೆ ಜೀವ, ದಯವಿಟ್ಟು ಬಿಟ್ಟುಬಿಡಿ ಎಂದು ಕೈಮುಗಿದು ಕೇಳಿದೆ. ಕೆಲವರ ಮುಖ ಮೆತ್ತಗಾಯಿತು. ಸೆಕ್ರೆಟರಿಯೂ ದೊಡ್ಡ ಮನಸ್ಸು ಮಾಡುವವರ ಹಾಗೆ, ಸರಿ, ಈ ವರ್ಷದ ಮಟ್ಟಿಗೆ ನೋಡೋಣ ಎಂದರು. ನಾನು ಗೆದ್ದೆ ಎಂದುಕೊಂಡೆ. ಪಕ್ಕಕ್ಕೆ ನೋಡಿದರೆ ಅಕ್ಕೋರ ಮುಖ ಕೆಂಡವಾಗಿತ್ತು. ನನ್ನ ತೋಳು ಹಿಡಿದು ಕುರ್ಚಿಗೆ ಕೂರಿಸಿ ತಾವೇ ಎದ್ದರು. ಮರಾಠಿಯಲ್ಲೇ, ಒಂದು ಚೂರೂ ದನಿ ಏರಿಸದೆ, ಆ ಸಾಲನ್ನು ಇನ್ನೊಮ್ಮೆ ಓದಿ ಎಂದರು. ಸೆಕ್ರೆಟರಿ ಓದಿದರು. ವ್ಯಾಪಾರಕ್ಕಾಗಿ ಎಂದಿದೆಯಲ್ಲ, ನಾನು ಯಾರಿಂದ ಏನು ತೆಗೆದುಕೊಂಡೆ ಎಂದು ಅಕ್ಕೋರು ಕೇಳಿದರು. ಫೀಸಿಲ್ಲದೆ ಯಾರು ಕಲಿಸುತ್ತಾರೆ ಎಂದರು ಸೆಕ್ರೆಟರಿ. “ಅದು ನಿಮ್ಮ ಊಹೆ, ಪುಸ್ತಕದಲ್ಲಿಲ್ಲ. ಮಕ್ಕಳ ತಾಯಂದಿರು ಇಲ್ಲೇ ಗೇಟಿನಾಚೆ ಇದ್ದಾರೆ, ಕರೆದು ಕೇಳಿ. ಚಪ್ಪಲಿಯ ಬಗ್ಗೆ ನಿಯಮ ಇದ್ದರೆ ಅದನ್ನೂ ಓದಿ, ನಾಳೆಯಿಂದ ಒಳಗೇ ಬಿಡಿಸುತ್ತೇನೆ. ಆದರೆ ನನಗೆ ಈ ವರ್ಷದ ಮಟ್ಟಿನ ದಯೆ ಬೇಡ” ಎಂದರು.

ಸೆಕ್ರೆಟರಿ ಹಾಳೆ ತಿರುವಿದರು. ಚಪ್ಪಲಿಯ ನಿಯಮ ಹುಡುಕಿದರೂ ಸಿಗಲಿಲ್ಲ. ವಿಷಯವನ್ನು ಅಲ್ಲಿಗೇ ಕೈಬಿಟ್ಟು ನೀರಿನ ಟ್ಯಾಂಕಿನ ಮಾತಿಗೆ ಹೋದರು.

ಮೆಟ್ಟಿಲು ಹತ್ತುವಾಗ ಅಕ್ಕೋರು ನನಗೆ ಸರಿಯಾಗಿ ಬೈದರು. “ನನಗ ಪಾಪ ಅಂದೇನು? ಮಂದಿ ಮುಂದ ಕೈ ಮುಗದೇನು? ಕರುಣಾ ಬೇಡಿದ್ರ ಅವರು ಕೊಟ್ಟಷ್ಟ ಸಿಗತೈತಿ, ಬ್ಯಾಡ ಅನಿಸಿದ ದಿನಾ ಕಸಗೋತಾರ. ನಿಯಮಾ ಓದಿದ್ರ ನಮ್ಮದು ನಮಗ ಸಿಗತೈತಿ.”

“ಆ ನಿಯಮವೇ ಕೆಟ್ಟದಿದ್ರೆ ಅಕ್ಕೋರೇ?”

ಅವರು ಮೆಟ್ಟಿಲ ನಡುವೆ ನಿಂತರು. ಏದುಸಿರು ಬರುತ್ತಿತ್ತು, ಮೆಟ್ಟಿಲ ಕಂಬಿ ಹಿಡಿದುಕೊಂಡಿದ್ದರು. “ಪರೀಕ್ಷಾದಾಗ ಅದನ್ನ ಕೇಳಬ್ಯಾಡ. ವಕೀಲ ಆದಮ್ಯಾಲ ಅದನ್ನ ಬಿಟ್ಟು ಬ್ಯಾರೆ ಏನೂ ಕೇಳಬ್ಯಾಡ.”

ವಾಚ್‌ಮನ್ ರಾಶಿ ನನಗೆ ಅರ್ಥವಾದದ್ದು ಅವತ್ತು. ನಾನು ಕಲ್ಲೆದೆ ಎಂದುಕೊಂಡಿದ್ದು ಕಲ್ಲೆದೆಯಲ್ಲ, ಕಣ್ಣು ಬಿಟ್ಟು ಓದುವುದು. ನಾಯಿಗೆ ಹೆದರಿ ಜಿಗಿದವನನ್ನು ಮರುದಿನದಿಂದ ನಾನು ತಪ್ಪಿತಸ್ಥನೆಂದೇ ಗುರುತು ಹಾಕಿದೆ. ಮನಸ್ಸಿನಲ್ಲಿ ಮಾತ್ರ ಅವನಿಗೆ ಹೇಳುತ್ತಿದ್ದೆ, ಸ್ವಲ್ಪ ತಾಳು ಮಾರಾಯ, ಕೋಟು ಹಾಕಿಕೊಂಡು ಬರುತ್ತೇನೆ, ಆ ನಿಯಮವನ್ನೇ ಕೇಳುತ್ತೇನೆ ಎಂದು.

ಪರೀಕ್ಷೆಯ ದಿನ ಕಂಪ್ಯೂಟರಿನ ಮುಂದೆ ಕುಳಿತೆ. ಮೊದಲ ಪ್ಯಾರಾ ಉದ್ದಕ್ಕೆ ಮಲಗಿತ್ತು. ಬುಡ ಮೊದಲು ನೋಡಿದೆ. ಅರೆ, ನಮ್ಮ ಸೆಕ್ರೆಟರಿ! ಯಾವುದೋ ಊರಿನ ಮೇಯರನ ಅಂಗಿ ತೊಟ್ಟು ಕುಳಿತಿದ್ದರು. ಅದರ ಹಿಂದೆ ಅತ್ತೆ ಬಂದರು, ಕಾರ್ಖಾನೆಯ ಮ್ಯಾನೇಜರನ ಅಂಗಿಯಲ್ಲಿ. ವಾಚ್‌ಮನ್ ಬಂದಾಗ ನಾನು ಗೇಟಿನಲ್ಲಿ ನೆಟ್ಟಗೆ ನಿಂತೆ. ಕೊನೆಯ ಕೆಲವು ಪ್ರಶ್ನೆಗಳು ಓದಲಾಗದೆ ಉಳಿದವು, ಇಲ್ಲ ಎನ್ನುವುದಿಲ್ಲ. ಆದರೆ ಓದಿದವುಗಳಲ್ಲಿ ಹೆಚ್ಚಿನವರು ಪರಿಚಯದವರೇ ಆಗಿದ್ದರು.

ಫಲಿತಾಂಶ ಬಂದು ಸೀಟು ಖಚಿತವಾದ ದಿನ ಅಪ್ಪ ಹೋಟೆಲಿನಿಂದ ಮೈಸೂರುಪಾಕ್ ತಂದರು. ದೊಡ್ಡಪ್ಪನಿಗೆ ತಾವೇ ಫೋನ್ ಮಾಡಿ, “ಗಲ್ಲಾಕ್ಕೆ ಬೇರೆ ಜನ ನೋಡಿ ಅಣ್ಣ” ಎಂದರು. ಆ ಒಂದು ವಾಕ್ಯವನ್ನು ಅವರು ಎಷ್ಟು ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದರೋ. ನಾನು ಪ್ಯಾಸೇಜು ದಾಟಿ ಓಡಿದೆ. ಅಕ್ಕೋರು ನೆಲದ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ಸೀಟು ಸಿಕ್ಕಿತು ಎಂದೆ. ಅವರು ತಲೆಯೆತ್ತಿ ನೋಡಿದರು. ಕಣ್ಣು ತುಂಬಿತ್ತು. ಆದರೆ ಬಾಯಲ್ಲಿ ಬಂದದ್ದು ಒಂದೇ ಮಾತು.

“ಯಾವ ರಾಶಿಯೊಳಗ ತಪ್ಪಿದಿ?”

ನಾನು ಅವರ ಪಕ್ಕ ಕುಳಿತು, ಒಂದು ಕಟ್ಟು ಎಳೆದುಕೊಂಡು, ಎಲ್ಲಿ ತಪ್ಪಿದೆ ಎಂದು ಹೇಳುತ್ತ ಹೋದೆ.

ನಾನು ಲಾ ಎರಡನೇ ವರ್ಷದಲ್ಲಿದ್ದಾಗ ಅಕ್ಕೋರನ್ನು ಆಸ್ಪತ್ರೆಗೆ ಸೇರಿಸಿದರು. ಮೆಟ್ಟಿಲಲ್ಲಿ ಕೇಳಿದ ಆ ಏದುಸಿರು ಹೃದಯದ್ದಾಗಿತ್ತು… ಧಾರವಾಡದಿಂದ ಅವರ ತಮ್ಮನ ಮಗ ಬಂದಿದ್ದ. ಒಂದು ಸಂಜೆ ಕಾಲೇಜಿನಿಂದ ನೇರ ಓಡಿದೆ. ಭೇಟಿಯ ಹೊತ್ತು ಆಗಷ್ಟೇ ಮುಗಿದಿತ್ತು. ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ. ನಾನು ಬೇಡಿದೆ. ಹೌದು, ಕೈ ಮುಗಿದೇ ಬೇಡಿದೆ. ಅವನು ಕೆಟ್ಟವನಲ್ಲ. “ಏಕ್ ಕೋ ಛೋಡಾ ತೋ ಸಬ್ ಕೋ ಛೋಡ್ನಾ ಪಡೇಗಾ, ಬಹೆನ್” ಎಂದ. ಒಬ್ಬರನ್ನು ಬಿಟ್ಟರೆ ಎಲ್ಲರನ್ನೂ ಬಿಡಬೇಕಾಗುತ್ತದೆ. ನಿಯಮ ಅವನ ಕಡೆಗಿತ್ತು. ನಾಳೆ ಬರೋಣವೆಂದು ಮನೆಗೆ ಹೋದೆ. ಬೆಳಿಗ್ಗೆ ನಾನು ಹೊರಡುವ ಮೊದಲೇ ಸುದ್ದಿ ಬಂತು.

ಬಿಲ್ಡಿಂಗಿನವರೆಲ್ಲ ಸೇರಿದ್ದರು. ಪಾಪ, ಒಂಟಿ ಹೆಂಗಸು ಎಂದು ಒಬ್ಬೊಬ್ಬರೂ ಹೇಳುವುದೇ. ಸೆಕ್ರೆಟರಿಯೂ ಅದನ್ನೇ ಹೇಳಿದರು, ನಿಜವಾದ ದುಃಖದಿಂದಲೇ ಹೇಳಿದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅವರಿಗೆ ಪಾಪ ಅನ್ನಬೇಡಿ ಎಂದುಬಿಟ್ಟೆ. ಸಾವಿನ ಮನೆಯಲ್ಲಿ ದನಿ ಏರಿಸಿದ ಹುಡುಗಿ ಎಂದು ಕೆಲವರು ಈಗಲೂ ನನ್ನನ್ನು ನೆನೆಯುತ್ತಾರಂತೆ. ನೆನೆಯಲಿ.

ಲೋಕಲ್‌ನಲ್ಲಿ ಬರುತ್ತಿದ್ದ ಆ ದಿನ ನಾನು ಸೋತ ಕೇಸು ಲಿಫ್ಟಿನದು. ಮುಲುಂಡ್‌ನ ಒಂದು ದೊಡ್ಡ ಬಿಲ್ಡಿಂಗಿನಲ್ಲಿ, ಮನೆಗೆಲಸದವರು ಲಿಫ್ಟ್ ಬಳಸಬಾರದು ಎಂದು ಬೋರ್ಡು ಹಾಕಿದ್ದಾರೆ. ಆ ಹೆಂಗಸರ ಪರವಾಗಿ ನಾನು ನಿಂತಿದ್ದೆ. ಅರ್ಜಿ ವಜಾ ಆಯಿತು. ಹೊರಬಂದಾಗ ಆ ಹೆಂಗಸರೇ ನನಗೆ ಸಮಾಧಾನ ಹೇಳಿದರು. ಜೂನಿಯರ್‌ಗಳು ಮೆಸೇಜು ಹಾಕಿದರು, ಅಪ್ಪ ಫೋನ್ ಮಾಡಿದರು. ಎಲ್ಲರೂ ಕೇಳಿದ್ದು ಒಂದೇ, ಗೆದ್ದೆಯಾ, ಸೋತೆಯಾ? ಅದರಾಚೆಗಿನ ಪ್ರಶ್ನೆ ಕೇಳುವವರು ಈ ಊರಿನಲ್ಲಿ ಒಬ್ಬರೇ ಇದ್ದರು. ಈಗ ಇಲ್ಲ. ಇಷ್ಟು ವರ್ಷ ಕಳೆದರೂ ಆ ಜಾಗ ಖಾಲಿಯೇ ಇದೆ, ಬೇರೆ ಯಾರೂ ಬಂದು ಕೂತಿಲ್ಲ.

ಎದುರಿನ ಹೆಂಗಸು ನನ್ನ ಕೊರಳಿನ ವಕೀಲರ ಬಿಳಿ ಬ್ಯಾಂಡ್ ನೋಡಿ, ಮುಖ ನೋಡಿ, ಒಂದು ಕಟ್ಟು ಮೆಂತ್ಯವನ್ನು ನನ್ನ ಕಡೆ ಚಾಚಿದಳು. ಸುಮ್ಮನೆ ಕೂತಿದ್ದೀಯಲ್ಲ, ಬಿಡಿಸು ಎನ್ನುವ ಹಾಗೆ. ತೆಗೆದುಕೊಂಡೆ. ಬುಡ ಹಿಡಿದು ಎಲೆ ಕೀಳುತ್ತ ಬೆಳಗಿನ ನನ್ನ ವಾದವನ್ನು ಮೊದಲಿನಿಂದ ನೆನಪಿಸಿಕೊಂಡೆ. ಆ ಹೆಂಗಸರ ಮಂಡಿನೋವು ಹೇಳಿದ್ದೆ. ಹತ್ತುವ ಮಹಡಿಗಳನ್ನು ಹೇಳಿದ್ದೆ. ಅವರ ವಯಸ್ಸು, ಅವರ ಕಷ್ಟ, ಎಲ್ಲ ಹೇಳಿದ್ದೆ. ಆ ಬೋರ್ಡು ಬರೆಯಲು ಬಿಲ್ಡಿಂಗಿನ ಸೊಸೈಟಿಗೆ ಅಧಿಕಾರ ಕೊಟ್ಟವರು ಯಾರು, ಆ ನಿಯಮ ಯಾವ ಮೀಟಿಂಗಿನಲ್ಲಿ ಯಾರ ಒಪ್ಪಿಗೆಯಿಂದ ಹುಟ್ಟಿತು ಎಂದು ಒಂದೇ ಒಂದು ಸಲವೂ ಕೇಳಿರಲಿಲ್ಲ. ಇಡೀ ಬೆಳಗು ನಾನು ಪಾಪ ಎಂದು ಕೈಮುಗಿದು ನಿಂತಿದ್ದೆ.

ಮುಲುಂಡ್ ಬಂತು. ಬಿಡಿಸಿದ ಸೊಪ್ಪನ್ನು ಅವಳ ಮಡಿಲಿಗೆ ಹಾಕಿ ಎದ್ದೆ. ಕೈಯಲ್ಲಿ ಮೆಂತ್ಯದ ವಾಸನೆ ಹಾಗೇ ಇತ್ತು. ವಾಚ್‌ಮನ್ ರಾಶಿಯೊಳಗ ತಪ್ಪಿದೆ, ಅಕ್ಕೋರೇ. ಅಪೀಲು ಹಾಕುತ್ತೇನೆ. ಈ ಸಲ ಕೈ ಮುಗಿಯುವುದಿಲ್ಲ.